ಗೋವಾದ ಕಾರ್ಡು, ಸೂಡಿಯ ಹುಡುಗಿ

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಬೇತಿ ಕೇಂದ್ರವಿತ್ತು. ಸರ್ಕಾರದ ಖರ್ಚಿನಲ್ಲಿ ನಡೆಯುವ ತರಬೇತಿ. ಕಲಿಯುವವರು ಫೀ ಕಟ್ಟಬೇಕಿಲ್ಲ, ಬದಲಿಗೆ ಅವರಿಗೇ ತಿಂಗಳು ತಿಂಗಳು ಶಿಷ್ಯವೇತನ ಬರುತ್ತಿತ್ತು. ಮೊದಲು ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುವುದು, ಆಮೇಲೆ ಗುಡ್ಡದ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ಕಂಪನಿಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರುವುದು. ಸೀಟು ಕಡಿಮೆ, ಬರುವವರು ಹೆಚ್ಚು. ಆದ್ದರಿಂದ ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕುಗಳಲ್ಲಿ ವಾಸವಿರುವವರಿಗೆ ಮಾತ್ರ ಎಂಬ ನಿಯಮ ಮಾಡಿದ್ದರು. ಆ ನಿಯಮದ ಬಾಗಿಲಲ್ಲಿ ಕೂತವಳು ನಾನು.

ನನ್ನ ಕೆಲಸಕ್ಕೆ ಉದ್ದದ ಹೆಸರೊಂದು ಇತ್ತು, ಆದರೆ ಮಾಡುತ್ತಿದ್ದದ್ದು ಇಷ್ಟೇ: ಬಂದವರ ಗುರುತಿನ ಕಾರ್ಡು ನೋಡುವುದು, ವಾಸದ ಪುರಾವೆ ನೋಡುವುದು, ಅಂಕಪಟ್ಟಿಯ ಹೆಸರೂ ಕಾರ್ಡಿನ ಹೆಸರೂ ಒಂದೇ ಇದೆಯೇ ಎಂದು ಹೋಲಿಸುವುದು, ಮೂಲ ಪ್ರತಿಯನ್ನು ವಾಪಸು ಕೊಟ್ಟು ಝೆರಾಕ್ಸ್ ಮೇಲೆ ಸಹಿ ಹಾಕುವುದು. ರೋಣದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ವರ್ಷ ವರ್ಷ ಮುಂದುವರಿಸಬೇಕಾದ ಗುತ್ತಿಗೆ ನೌಕರಿ. ಆದರೂ ಅದನ್ನು ನಾನು ಕಾಯಂ ನೌಕರಿಯ ಹಾಗೆಯೇ ಮಾಡುತ್ತಿದ್ದೆ.

ನಾನು ಕಟ್ಟುನಿಟ್ಟು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಗದ ನೋಡುವವರನ್ನು ಜನ ಕಲ್ಲುಮನಸ್ಸಿನವರು ಎಂದುಕೊಳ್ಳುತ್ತಾರೆ; ಸರಿಯಾಗಿ ನೋಡದಿದ್ದರೆ ಯಾರ ಸೀಟು ಹೋಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆ ಹುಡುಗಿ ಬರುವುದಕ್ಕೆ ಸ್ವಲ್ಪ ಮೊದಲು ನಡೆದದ್ದನ್ನೇ ತೆಗೆದುಕೊಳ್ಳಿ. ಒಂದು ದಿನ ಹುಡುಗರ ಗುಂಪೊಂದು ಬಂತು. ಎಲ್ಲರದೂ ಬೇರೆ ಜಿಲ್ಲೆಯ ಕಾರ್ಡು, ಎಲ್ಲರ ಕೈಯಲ್ಲೂ ಗಜೇಂದ್ರಗಡದ್ದೇ ಬಾಡಿಗೆ ಕರಾರುಪತ್ರ. ಮನೆ ನಂಬರು ನೋಡಿದರೆ ಎಲ್ಲರದೂ ಒಂದೇ. ಊಟದ ಬಿಡುವಿನಲ್ಲಿ ನಾನೇ ನಡೆದುಕೊಂಡು ಆ ವಿಳಾಸಕ್ಕೆ ಹೋದೆ. ಅದು ಹತ್ತಿಯ ಗೋದಾಮು. ಬಾಗಿಲಿಗೆ ಬೀಗ, ಬೀಗದ ಮೇಲೆ ಧೂಳು, ಮುಂದಿನ ಕಟ್ಟೆಯ ಮೇಲೆ ಎರಡು ಆಡು ಮಲಗಿದ್ದವು. ವಾಪಸು ಬಂದು ಅಷ್ಟೂ ಅರ್ಜಿಗಳನ್ನು ತಿರಸ್ಕರಿಸಿದೆ.

ಸಂಜೆಯೊಳಗೆ ಊರಿನ ಪುಢಾರಿಯೊಬ್ಬರ ಫೋನು ಬಂತು. ಆ ಕರಾರುಪತ್ರಗಳೆಲ್ಲ ಅವರ ಕಡೆಯಿಂದಲೇ ಬಂದವು ಎಂಬುದು ಆಗ ತಿಳಿಯಿತು.

"ಬಾಯಾರ, ಹುಡುಗೂರ ಭವಿಷ್ಯದ ಪ್ರಶ್ನಿ ಐತಿ. ಸ್ವಲ್ಪ ನೋಡಿ ಮಾಡ್ರಿ."

"ನೋಡೇ ಮಾಡೀನ್ರಿ. ಹೋಗಿ ನೋಡಿ ಬಂದೀನಿ."

ಅವರು ಫೋನು ಇಟ್ಟರು. ನಮ್ಮ ಕೇಂದ್ರದ ಮುಖ್ಯಸ್ಥರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರು ಕೆಟ್ಟವರಲ್ಲ. ಮೇಲಿನವರ ಪತ್ರ ಬಂದರೆ ಬೆವರುವ ಜಾತಿಯ ಮನುಷ್ಯ, ಅಷ್ಟೆ. ಆದರೆ ಆ ಸೀಟುಗಳಿಗೆ ಕೊನೆಗೆ ಸೇರಿದವರು ನಮ್ಮ ಸುತ್ತಲಿನ ಹಳ್ಳಿಯ ಮಕ್ಕಳು. ಮುಶಿಗೇರಿಯ ಒಬ್ಬ ಹುಡುಗನ ತಾಯಿ ಒಂದು ಚೀಲ ಹಸಿ ಕಡಲೆ ಗಿಡ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟಿದ್ದಳು. ಚೀಲ ವಾಪಸು ಕೊಟ್ಟು, ಒಂದು ಹಿಡಿ ಮಾತ್ರ ಸುಲಿದು ತಿಂದೆ.

ಇನ್ನು ಒಂದೇ ಒಂದು ಸೀಟು ಉಳಿದಿದ್ದಾಗ ಆ ಹುಡುಗಿ ಬಂದಳು. ಜೊತೆಗೆ ಅವಳ ತಾಯಿ. ತಾಯಿ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತಳು. ಮಗಳು ನೇರವಾಗಿ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಬಿಸಿಲಿಗೆ ಕಂದಿದ ಮುಖ, ಮೊಣಕೈವರೆಗೂ ಮಡಚಿದ ತೋಳು. ಹತ್ತನೇ ತರಗತಿಯ ಅಂಕಪಟ್ಟಿ ಮೊದಲು ಇಟ್ಟಳು, ಆಮೇಲೆ ಕಾರ್ಡು. ಕಾರ್ಡನ್ನು ಇಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದೇನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಎರಡೂ ಗೋವಾದವು.

"ಎಲ್ಲಿಂದ ಬಂದೀಯವ್ವ?" ಎಂದೆ.

"ಸೂಡಿಯಿಂದ್ರಿ."

"ಇದರಾಗ ಗೋವಾ ಐತೆಲ್ಲ."

"ಹುಟ್ಟಿದ್ದು ಅಲ್ಲೇರಿ. ಅಪ್ಪ ಅವ್ವ ಇಬ್ರೂ ಅಲ್ಲಿ ಕಟ್ಟಡದ ಕೆಲಸಾ ಮಾಡ್ತಿದ್ರು. ನಾ ಬೆಳದದ್ದೂ ಅಲ್ಲೇ. ಅಪ್ಪ ಮ್ಯಾಲಿಂದ ಬಿದ್ದು ಸೊಂಟಾ ಮುರಕೊಂಡ ಮ್ಯಾಲ ಊರಿಗೆ ಬಂದೀವ್ರಿ. ಈಗ ಇಲ್ಲೇ ಇರ್ತೀವಿ. ಸೂಡ್ಯಾಗ ನಮ್ಮ ಮುತ್ಯಾನ ಮನಿ ಐತ್ರಿ."

"ಮತ್ತ ಕಾರ್ಡಿನ ವಿಳಾಸ ಯಾಕ ಬದಲಿ ಮಾಡ್ಸಿಲ್ಲ?"

ಅವಳು ನಕ್ಕಳು. ನಗುವುದಕ್ಕೆ ಏನೂ ಇರದಾಗ ಬರುವ ನಗು ಅದು. "ವಿಳಾಸ ಬದಲಿ ಮಾಡಾಕ ಇಲ್ಲಿ ವಾಸ ಇದ್ದದ್ದಕ್ಕ ಪತ್ರ ತೊಗೊಂಬಾ ಅಂತಾರ್ರಿ. ಪತ್ರಕ್ಕ ಹೋದ್ರ ಇಲ್ಲಿ ಕಾರ್ಡು ತೊಗೊಂಬಾ ಅಂತಾರ. ಮನಿ ಇನ್ನೂ ಮುತ್ಯಾನ ಹೆಸರಿಗೇ ಐತಿ, ಮುತ್ಯಾ ಸತ್ತು ಭಾಳ ವರ್ಷ ಆತು. ರೇಶನ್ ಕಾರ್ಡಿಗೆ ಅರ್ಜಿ ಹಾಕೀವಿ, ಬಂದಿಲ್ಲ."

ಹೊರಗಿನಿಂದ ತಾಯಿ ಮೆಲ್ಲಗೆ, "ಏಳ ಬಾರವ್ವ, ಆಗೂದಿಲ್ಲ ಅಂದ್ರ ಬ್ಯಾಡ" ಎಂದಳು.

"ಆಗೂದಿಲ್ಲ ಅಂತ ಇನ್ನೂ ಅಕ್ಕಾರ ಅಂದಿಲ್ಲವ್ವ" ಎಂದಳು ಮಗಳು, ಕುರ್ಚಿಯಿಂದ ಏಳದೆ.

ಮುಖ್ಯಸ್ಥರು ಒಳಗಿನ ಕೋಣೆಯಿಂದ ಬಂದರು. ಕಾರ್ಡನ್ನು ಎತ್ತಿ ನೋಡಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೆಳಗಿಟ್ಟರು. "ಗೋವಾದ್ದಾ? ಇದು ಆಗೂದಿಲ್ಲ ತಂಗಿ. ಇದು ಇಲ್ಲಿಯವರಿಗೆ ಅಷ್ಟ ಇರೂದು. ನೀ ಗೋವಾದಾಗ ವಿಚಾರಿಸು, ಅಲ್ಲೂ ಇಂಥಾ ತರಬೇತಿ ಇರ್ತಾವು."

ಹುಡುಗಿ ಈಗ ಎದ್ದು ನಿಂತಳು. ದನಿ ಏರಿಸಲಿಲ್ಲ.

"ಅಲ್ಲಿ ಸಾಲ್ಯಾಗ ನಮ್ಮನ್ನ ಘಾಟಿ ಅಂತಿದ್ರು ಸರ್. ಘಟ್ಟದ ಮ್ಯಾಲಿನವರು, ನಿಮ್ಮೂರಿಗೆ ನೀವು ಹೋಗ್ರಿ ಅಂತಿದ್ರು. ಊರಿಗೆ ಬಂದೀವಿ. ನೀವು ಗೋವಾಕ್ಕ ಹೋಗು ಅಂತೀರಿ. ನಾ ಎಲ್ಲಿ ಇರ್ಲಿ, ನಡುವ ಬಸ್ಸಿನ್ಯಾಗ ಇರ್ಲ್ಯಾ?"

ಮುಖ್ಯಸ್ಥರು ಕಾರ್ಡನ್ನು ಅವಳ ಕಡೆಗೆ ಸರಿಸಿದರು. "ನಿಯಮಾ ನಾ ಮಾಡಿಲ್ಲ ತಂಗಿ" ಎಂದು ಹೇಳಿ ಒಳಗೆ ಹೋದರು.

ಇದನ್ನು ಇಲ್ಲಿಗೇ ಬಿಡಬಾರದು ಎಂದುಕೊಂಡೆ. ಕರುಣೆಯಿಂದ ಅಲ್ಲ. ಕರುಣೆ ಅನ್ನುವಂತಿದ್ದರೆ ದಿನಕ್ಕೆ ಹತ್ತು ಜನರ ಮೇಲೆ ಕರುಣೆ ಬರುವ ಕುರ್ಚಿ ಅದು. ನನಗೆ ಸಿಟ್ಟು ಬಂದದ್ದು ನಿಯಮದ ಹೆಸರಿನಲ್ಲಿ ನಿಯಮವನ್ನೇ ಓದದೆ ಬಿಡುವುದಕ್ಕೆ. ನಾನು ಮದುವೆಯಾದಾಗ ತವರಿನ ಅಡ್ಡಹೆಸರು ಬದಲಿಸಿಕೊಳ್ಳಲಿಲ್ಲ. ಗಂಡನ ಮನೆಯಲ್ಲಿ ಯಾರೂ ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದು ಕೌಂಟರಿನ ಹಿಂದೆ ಕೂತವರು. ಎಲ್ಲಿ ಹೋದರೂ, ಲಗ್ನ ಆಗೇತಿ ಅಂದ್ರ ಹೆಸರು ಬದಲಿ ಆಗಬೇಕಲ್ರಿ, ಎನ್ನುವವರೇ. ಎಲ್ಲಿ ಬರೆದಿದೆ ತೋರಿಸಿ ಎಂದರೆ ಯಾರೂ ತೋರಿಸಲಿಲ್ಲ. ಎಲ್ಲಿಯೂ ಬರೆದಿರಲಿಲ್ಲ. ಹೀಗಾಗಿ "ನಿಯಮ ಹಾಗೆ ಇದೆ" ಎಂದು ಯಾರಾದರೂ ಹೇಳಿದರೆ ಮೊದಲು ನನ್ನ ಕೈ ಆ ನಿಯಮ ಬರೆದ ಹಾಳೆಯ ಕಡೆಗೇ ಹೋಗುತ್ತದೆ.

ಹುಡುಗಿಗೆ ನೀರು ಕೊಟ್ಟು, ತಾಯಿಯನ್ನು ಒಳಗೆ ಕರೆದು ಕೂರಿಸಿ, ಮಾರ್ಗಸೂಚಿಯನ್ನು ತೆಗೆದು ಓದಿದೆ. ಹುಟ್ಟಿದ್ದು ಎಲ್ಲಿ ಎಂದು ಅದು ಕೇಳಿರಲಿಲ್ಲ. ಕಾರ್ಡಿನಲ್ಲಿ ಯಾವ ವಿಳಾಸವಿರಬೇಕು ಎಂದೂ ಕೇಳಿರಲಿಲ್ಲ. ಅರ್ಜಿ ಹಾಕುವಾಗ ಈ ತಾಲ್ಲೂಕುಗಳಲ್ಲಿ ವಾಸವಿರಬೇಕು, ಕಾರ್ಡು ಗುರುತಿಗಾಗಿ. ವಾಸಕ್ಕೆ ಬೇರೆ ಪುರಾವೆ ಬೇಕು. ಅದು ಸಿಗದಿದ್ದರೆ ಪರಿಶೀಲಕರು ಸ್ಥಳಕ್ಕೆ ಹೋಗಿ ನೋಡಿ, ನೆರೆಹೊರೆಯವರ ಸಹಿಯೊಂದಿಗೆ ಪಂಚನಾಮೆ ಬರೆದುಕೊಳ್ಳಬಹುದು. ಅಷ್ಟೇ ಇತ್ತು. ಪರಿಶೀಲಕರು ಎಂದರೆ ನಾನೇ.

"ಸೀಟು ನಿನಗ ಅಂತ ಹೇಳೂದಿಲ್ಲ" ಎಂದೆ ಹುಡುಗಿಗೆ. "ನೀ ಖರೇನ ಸೂಡ್ಯಾಗ ಇರ್ತೀ ಏನು ಅಂತ ನೋಡ್ತೀನಿ. ಇದ್ರ ಆತು. ಇರ್ಲಿಲ್ಲಂದ್ರ ನಾನ ಹೊರಗ ಹಾಕ್ತೀನಿ."

"ಬಂದು ನೋಡ್ರಿ" ಎಂದಳು. "ಯಾವಾಗ ಬರ್ತೀರಿ?"

"ಅದನ್ನ ಹೇಳೂದಿಲ್ಲ."

ಮೊದಲ ಸಲ ಅವಳ ಮುಖದಲ್ಲಿ ಸರಿಯಾದ ನಗು ಬಂತು.

ಭಾನುವಾರ ರೋಣದಿಂದ ಸ್ಕೂಟಿ ತೆಗೆದುಕೊಂಡು ಹೊರಟೆ. ರಜೆಯ ದಿನ ಯಾರದೋ ಮನೆ ಹುಡುಕಿಕೊಂಡು ಹೋಗುತ್ತೇನೆಂದರೆ ಮನೆಯಲ್ಲಿ ಯಾರಾದರೂ ಏನಾದರೂ ಅಂದಾರು ಎಂದುಕೊಂಡಿದ್ದೆ. ಅತ್ತೆ ಬುತ್ತಿ ಕಟ್ಟಿಕೊಟ್ಟು, "ಬಿಸಲ ಏರೂದ್ರಾಗ ಹೋಗಿ ಬಾ" ಎಂದರು, ಅಷ್ಟೆ. ರಸ್ತೆಯ ಎರಡೂ ಬದಿ ಬಿಳಿಜೋಳ ತೆನೆ ಕಟ್ಟಿತ್ತು. ಕರಿಮಣ್ಣಿನ ಹೊಲಗಳಲ್ಲಿ ಜನ ಆಗಲೇ ಇಳಿದಿದ್ದರು.

ಸೂಡಿಗೆ ಹೋದವಳು ಹುಡುಗಿಯ ಮನೆಗೆ ನೇರ ಹೋಗಲಿಲ್ಲ. ಅವಳ ಮನೆಯವರನ್ನು ಕೇಳಿದರೆ ಇದ್ದೇವೆ ಎಂದೇ ಹೇಳುತ್ತಾರೆ. ಓಣಿಯ ತಿರುವಿನಲ್ಲಿ ನಳದ ಹತ್ತಿರ ಹೆಂಗಸರು ಸೇರಿದ್ದರು. ಆ ಹೊತ್ತಿಗೆ ನೀರು ಬಿಟ್ಟಿದ್ದರು. ಕೊಡಗಳು, ಪ್ಲಾಸ್ಟಿಕ್ ಕ್ಯಾನುಗಳು ಸಾಲಾಗಿದ್ದವು. ನಾನು ಸ್ಕೂಟಿ ನಿಲ್ಲಿಸಿ ಕೇಳಿದೆ:

"ಇಲ್ಲಿ ಗೋವಾದಿಂದ ಬಂದವರ ಮನಿ ಯಾವುದ್ರಿ?"

ತುಂಬಿದ ಕೊಡವನ್ನು ಸೊಂಟಕ್ಕೆ ಎತ್ತಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಹಾಗೇ ನಿಂತು ನನ್ನನ್ನು ನೋಡಿದಳು. "ಆ ಜಗಳಗಂಟಿ ಮನಿ ಏನ್ರಿ?"

"ಯಾರು ಜಗಳಗಂಟಿ?"

"ಅದ ಆ ಹುಡುಗಿ. ಬೆಳಗಾತು ಅಂದ್ರ ಕೊಡಾ ಹಿಡಕೊಂಡು ಬರ್ತಾಳ. ನಂದ ಪಾಳಿ, ನಿಂದ ಪಾಳಿ ಅಂತ ಶುರು ಮಾಡ್ತಾಳ. ನಾವೆಲ್ಲಾ ಹುಟ್ಟಿದಾಗಿಂದ ನೀರು ತುಂಬಾಕತ್ತೀವಿ, ಇಕಿ ಬಂದು ನಮಗ ಸಾಲು ಹಚ್ಚೂದು ಕಲಿಸ್ತಾಳ. ಯಾಕ, ಮತ್ತೇನ್ ಮಾಡ್ಯಾಳ?"

ನಾನು ಯಾರು, ಯಾಕೆ ಬಂದಿದ್ದೇನೆ ಎಂದು ಹೇಳಿದೆ. ಅವಳು ಇಲ್ಲಿ ಖಾಯಂ ಇರುತ್ತಾಳೆಯೇ ಇಲ್ಲವೇ ಎಂಬ ಪ್ರಶ್ನೆ ಬಂದಿದೆ ಎಂದೆ. ಆ ಹೆಂಗಸು ಕೊಡವನ್ನು ದಪ್ಪನೆ ಕೆಳಗಿಟ್ಟಳು. ನೀರು ನನ್ನ ಕಾಲಿಗೆ ಚೆಲ್ಲಿತು.

"ಇರೂದಿಲ್ಲಂದ್ರ? ಹಂಗಾರ ನಾ ದಿನಾ ಮುಂಜಾನೆ ಯಾರ ಜೋಡಿ ಜಗಳಾ ಮಾಡಾಕತ್ತೀನ್ರಿ, ಗ್ವಾಡಿ ಜೋಡಿ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಅಪ್ಪ ಹಾಸಿಗೆಯಲ್ಲೇ ಇರುತ್ತಾನಂತೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹೊರಗಿನ ಕಟ್ಟೆವರೆಗೆ ಮಾತ್ರ ಬರುತ್ತಾನಂತೆ. ತಾಯಿ ಅವರಿವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಮಗಳು ಮೊದಮೊದಲು ರೊಟ್ಟಿ ಬಡಿಯಲು ಬಾರದೆ ದಿನಾ ಅನ್ನವನ್ನೇ ಮಾಡುತ್ತಿದ್ದಳು. ಮಗ್ಗುಲ ಮನೆಯ ಮುದುಕಿಯೇ ಕೂರಿಸಿಕೊಂಡು ಕಲಿಸಿದಳು. ಓಣಿಯಲ್ಲಿ ಯಾರ ಮನೆಯ ಮಿಕ್ಸರು ಕೆಟ್ಟರೂ, ಯಾರ ಫ್ಯಾನು ನಿಂತರೂ ಅವಳನ್ನೇ ಕರೆಯುತ್ತಾರೆ. ಗೋವಾದಲ್ಲಿ ಕಟ್ಟಡಕ್ಕೆ ವೈರು ಎಳೆಯುವವರ ಹಿಂದೆ ಓಡಾಡಿ ಅಷ್ಟಿಷ್ಟು ಕಲಿತಿದ್ದಳಂತೆ. "ಜಗಳಗಂಟಿ ಖರೇ, ಆದ್ರ ಕೈಯಾಗ ಕೆಲಸಾ ಐತಿ" ಎಂದಳು ಇನ್ನೊಬ್ಬಳು.

ಅಷ್ಟರಲ್ಲಿ ಅವಳೇ ಕೊಡ ಹಿಡಿದು ಬಂದಳು. ನನ್ನನ್ನು ನೋಡಿ ನಿಂತಳು. ನಡುವಯಸ್ಸಿನ ಹೆಂಗಸು ಅವಳಿಗೆ, "ಬಾ ಬಾ, ನೀ ಇರೂದ ಇಲ್ಲಂತ ನೋಡು ಇಲ್ಲಿ" ಎಂದಳು.

"ಇಲ್ಲಾಂದ್ರ ನನ್ನ ಪಾಳಿ ಯಾಕ ತಪ್ಪಿಸಿದಿ ನಿನ್ನಿ?" ಎಂದು ಹುಡುಗಿ ಅಲ್ಲೇ ಶುರು ಮಾಡಿದಳು. ಇಬ್ಬರನ್ನೂ ಸುಮ್ಮನಾಗಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವಳ ಮನೆಗೆ ಹೋಗಿ ನೋಡಿದೆ. ಕಲ್ಲು ಮಣ್ಣಿನ ಹಳೆಯ ಎರಡಂಕಣದ ಮನೆ. ಒಲೆಯ ಮುಂದೆ ಹಿಟ್ಟಿನ ಡಬ್ಬಿ, ಹಗ್ಗದ ಮೇಲೆ ಬಟ್ಟೆ, ಗೋಡೆಗೆ ಒರಗಿಸಿದ ಅಪ್ಪನ ಕೋಲು. ಅಪ್ಪ ಮಂಚದಿಂದ ಏಳಲು ನೋಡಿದ. ಬೇಡ ಎಂದೆ. "ನಾ ಬಿದ್ದದ್ದಕ್ಕ ಇವರೆಲ್ಲಾ ಬೀಳಬೇಕಾತ್ರಿ" ಎಂದ. ಹುಡುಗಿ ಒಳಗಿನಿಂದಲೇ, "ಯಾರೂ ಬಿದ್ದಿಲ್ಲಪ್ಪ, ಸುಮ್ಮನ ಮಕ್ಕೋ" ಎಂದಳು.

ಪಂಚನಾಮೆಯನ್ನು ಅವರ ಕಟ್ಟೆಯ ಮೇಲೆ ಕೂತೇ ಬರೆದೆ. ಸಹಿ ಹಾಕಲು ಹೆಂಗಸರನ್ನು ಕರೆದೆ. ಆಗ ಎದುರಿನ ಗುಡಿಯ ಕಟ್ಟೆಯಲ್ಲಿ ಕೂತಿದ್ದ ಇಬ್ಬರು ಗಂಡಸರು ಎದ್ದು ಬಂದರು. ಅವರಲ್ಲಿ ಹಿರಿಯನೊಬ್ಬ, "ಪಂಚರು ಅಂದ್ರ ಗಂಡಸರು ಬೇಕಲ್ರಿ ಬಾಯಾರ. ಹೆಣ್ಣಮಕ್ಕಳ ಸಹಿ ನಡೀತೈತೇನು?" ಎಂದ.

"ನೀವು ಈ ಹುಡುಗಿನ್ನ ದಿನಾ ನೋಡ್ತೀರೇನ್ರಿ?"

"ನಾವ್ಯಾಕ ನೋಡೂಣ್ರಿ ಹೆಣ್ಣಮಕ್ಕಳನ್ನ?"

"ಹಂಗಾರ ನೀವು ಏನಂತ ಸಹಿ ಹಾಕ್ತೀರಿ? ಇವರು ನೋಡ್ಯಾರ, ಇವರು ಹಾಕ್ತಾರ."

ಒಬ್ಬಳು ಹಿಂಜರಿದಳು. ಗಂಡನನ್ನು ಕೇಳಬೇಕು ಎಂದಳು. ಕೊಡ ಚೆಲ್ಲಿದ್ದ ಆ ನಡುವಯಸ್ಸಿನ ಹೆಂಗಸು ಅವಳ ತೋಳು ಹಿಡಿದು, "ನೀರು ಹೊರೂ ಮುಂದ ಗಂಡನ್ನ ಕೇಳ್ತೀಯೇನು? ಹಾಕು" ಎಂದಳು. ತಾನೇ ಮೊದಲು ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಒತ್ತಿ ತನ್ನ ಪೂರ್ತಿ ಹೆಸರು ಬರೆದಳು. ಕಾಗದ ಹರಿಯುತ್ತದೇನೋ ಎನಿಸಿತು. ಉಳಿದವರು ಒಬ್ಬರ ಹಿಂದೆ ಒಬ್ಬರು ಹಾಕಿದರು. ರೊಟ್ಟಿ ಕಲಿಸಿದ ಮುದುಕಿ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಹುಡುಗಿಯ ಗಲ್ಲಕ್ಕೆ ಒರೆಸಿದಳು.

ಅತ್ತೆ ಕಟ್ಟಿಕೊಟ್ಟ ಬುತ್ತಿಯನ್ನು ಆ ಕಟ್ಟೆಯ ಮೇಲೆಯೇ ಎಲ್ಲರೂ ಹಂಚಿಕೊಂಡೆವು. ಹುಡುಗಿ ತಾನು ಬಡಿದ ರೊಟ್ಟಿ ತಂದಳು. ಅಂಚು ಇನ್ನೂ ದಪ್ಪವಿತ್ತು.

ಸೋಮವಾರ ಮುಖ್ಯಸ್ಥರ ಟೇಬಲ್ಲಿನ ಮೇಲೆ ಪಂಚನಾಮೆ ಇಟ್ಟೆ. ಅವರು ಸಹಿಗಳನ್ನೆಲ್ಲ ಓದಿದರು. "ಒಬ್ಬ ಗಂಡಸೂ ಇಲ್ಲಲ್ರಿ?"

"ನೀರು ತುಂಬಾಕ ಒಬ್ಬ ಗಂಡಸೂ ಬಂದಿರ್ಲಿಲ್ರಿ ಸರ್."

"ಇದನ್ನ ಚೇಷ್ಟಿ ಮಾಡಬ್ಯಾಡ್ರಿ. ನಾಳೆ ಯಾರಾರ ದೂರು ಕೊಟ್ರ ನಾ ಏನು ಉತ್ತರಾ ಕೊಡ್ಲಿ? ಆ ಹುಡುಗೂರನ್ನ ಹೊರಗ ಹಾಕಿದ್ರಿ, ಇಕಿನ್ನ ಒಳಗ ತೊಗೊಂಡ್ರಿ ಅಂತಾರ."

"ಅವರು ಇರಲಾರದ ಮನಿ ತೋರ್ಸಿದ್ರು. ಇಕಿ ಇರೂ ಮನಿ ತೋರ್ಸ್ಯಾಳ. ನಾ ಎರಡೂ ಕಡೆ ಹೋಗಿ ನೋಡೀನಿ. ಅದ ಉತ್ತರಾ."

ಅವರು ಸಹಿಗಳನ್ನು ಇನ್ನೊಮ್ಮೆ ಎಣಿಸಿದರು. ಕೊನೆಗೆ, ಪರಿಶೀಲಕರ ಹೊಣೆಯ ಮೇಲೆ ಎಂದು ಬರೆದು ಸಹಿ ಹಾಕಿದರು. ಎಡವಟ್ಟಾದರೆ ನನ್ನ ಕುತ್ತಿಗೆ ಎಂದು ಅದರ ಅರ್ಥ. ನಾನು ಅದನ್ನೇ ಅವರ ಎದುರಿಗೆ ಇನ್ನೊಂದು ಸಲ ಗಟ್ಟಿಯಾಗಿ ಓದಿ, ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ, ತವರಿನ ಅಡ್ಡಹೆಸರಿನ ಸಮೇತ.

ಮುಖ್ಯಸ್ಥರು ಹೆದರಿದ್ದು ಸುಳ್ಳಾಗಲಿಲ್ಲ. ತರಬೇತಿ ಶುರುವಾಗಿ ಸ್ವಲ್ಪ ದಿನಕ್ಕೆ ಹೆಸರಿಲ್ಲದ ದೂರೊಂದು ಮೇಲಕ್ಕೆ ಹೋಯಿತು. ಹೊರರಾಜ್ಯದವರಿಗೆ ಸೀಟು ಕೊಟ್ಟಿದ್ದಾರೆ, ಪರಿಶೀಲಕಿ ತನಗೆ ಬೇಕಾದವರನ್ನು ಸೇರಿಸಿಕೊಳ್ಳುತ್ತಾಳೆ ಎಂದು. ಬರೆದವರು ಯಾರೆಂದು ನಾನು ಊಹಿಸಬಲ್ಲೆ. ಊಹೆಯನ್ನು ಇಲ್ಲಿ ಬರೆಯುವುದಿಲ್ಲ. ನಾನು ಊಹೆಯ ಮೇಲೆ ಯಾರನ್ನೂ ಹೊರಗೆ ಹಾಕಿದವಳಲ್ಲ.

ಗದಗದಿಂದ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಮುಖ್ಯಸ್ಥರು ಬಾಗಿಲಲ್ಲೇ ಅವರಿಗೆ, ಈ ಪ್ರವೇಶವನ್ನು ಪರಿಶೀಲಕರ ಹೊಣೆಯ ಮೇಲೆ ಮಾಡಲಾಗಿದೆ ಎಂದು ಹೇಳಿ ಮುಗಿಸಿದ್ದರು. ಅಧಿಕಾರಿ ನನ್ನನ್ನೂ ಹುಡುಗಿಯನ್ನೂ ಕರೆಸಿದರು. ಅವಳು ಕೆಲಸದ ಕೋಣೆಯಿಂದ ಹಾಗೇ ಬಂದಳು, ಕಿಸೆಯಲ್ಲಿ ಟೆಸ್ಟರು ಇತ್ತು.

"ಕಾರ್ಡಿನ್ಯಾಗ ಗೋವಾ ಅಂತ ಸ್ಪಷ್ಟ ಐತಿ" ಎಂದರು ಅಧಿಕಾರಿ ನನಗೆ. "ಇದನ್ನ ನೋಡೂ ಮುಂದ ನಿಮಗ ಅನುಮಾನ ಬರ್ಲಿಲ್ಲೇನು?"

"ಬಂತ್ರಿ. ಅದಕ್ಕ ಸೂಡಿಗೆ ಹೋಗಿ ಬಂದೆ. ಕಾರ್ಡು ಇಕಿ ಯಾರು ಅಂತ ಹೇಳ್ತೈತಿ. ಎಲ್ಲಿ ಇರ್ತಾಳ ಅಂತ ಓಣಿಯವರು ಹೇಳ್ಯಾರ. ಮಾರ್ಗಸೂಚಿ ಒಳಗ ಎರಡೂ ಬ್ಯಾರೆ ಬ್ಯಾರೆ ಅದಾವ್ರಿ."

"ಆದ್ರೂ ವಿಳಾಸ ಅನ್ನೂದು ಒಂದು ಇರ್ತೈತಲ್ಲ. ಸುಳ್ಳ ಅಂತ ಅನ್ನಾಕ ಬರ್ತೈತೇನು?"

ನಾನು ಉತ್ತರ ಕೊಡುವುದಕ್ಕೆ ಮೊದಲೇ ಹುಡುಗಿ ಕೇಳಿದಳು: "ಸಾಹೇಬ್ರ, ನಿಮ್ಮ ಕಾರ್ಡು ಯಾ ಊರಿಂದ್ರಿ?"

ಮುಖ್ಯಸ್ಥರು "ಏಯ್" ಎಂದರು. ಇದೀಗ ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಅವಳನ್ನು ಸುಮ್ಮನಿರು ಎನ್ನಲು ನನಗೆ ಬಾಯಿ ಬರಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

ಅಧಿಕಾರಿ ಅವಳ ಕಡೆ ತಿರುಗಿದರು. ಆಮೇಲೆ ಹೇಳಿದರು: "ವಿಜಯಪುರದ್ದು."

"ಈಗ ಎಲ್ಲಿ ಇರ್ತೀರ್ರಿ?"

"ಗದಗದಾಗ. ಸರ್ಕಾರಿ ಕ್ವಾರ್ಟರ್ಸಿನ್ಯಾಗ."

"ಮತ್ತ ನಿಮಗ ಯಾರೂ ವಿಜಯಪುರಕ್ಕ ಹೋಗು ಅನ್ನೂದಿಲ್ಲಲ್ರಿ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. ಸಿಟ್ಟಾದರೋ ನಗುತ್ತಿದ್ದರೋ ತಿಳಿಯಲಿಲ್ಲ. "ನಾ ಸೂಡಿಗೆ ಹೋಗಿ ಬರ್ತೀನಿ" ಎಂದರು. "ನೀವು ಬ್ಯಾಡ" ಎಂದರು ನನಗೆ. "ಆಕಿನೂ ಬ್ಯಾಡ. ನಾ ಒಬ್ಬನ ಕೇಳ್ತೀನಿ." ಹಾಗೆ ಹೇಳಿದ್ದಕ್ಕೆ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು. ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಊಟದ ಹೊತ್ತು ದಾಟಿದ ಮೇಲೆ ಅವರ ಜೀಪು ವಾಪಸು ಬಂತು. ಅಷ್ಟು ಹೊತ್ತು ನಾನು ಬೇರೆಯವರ ಅಂಕಪಟ್ಟಿಗಳನ್ನು ನೋಡುತ್ತಾ ಕೂತಿದ್ದೆ, ಒಂದರ ಹೆಸರೂ ತಲೆಗೆ ಹತ್ತಲಿಲ್ಲ. ಅವರು ಕೂತು ನೀರು ಕುಡಿದು ಹೇಳಿದರು, "ಆ ಓಣಿ ಹೆಣ್ಣಮಕ್ಕಳು ಭಾಳ ಜೋರದಾರ. ನೀವ್ಯಾರು, ನಿಮ್ಮ ಗುರುತಿನ ಚೀಟಿ ತೋರಸ್ರಿ ಅಂತ ನನಗ ಕೇಳಿದ್ರು." ಪ್ರವೇಶ ನಿಯಮದ ಪ್ರಕಾರವೇ ಆಗಿದೆ ಎಂದು ನಮ್ಮೆದುರಿಗೇ ಬರೆದರು. ಹುಡುಗಿಗೆ, "ಕೂಡು, ಕೆಲಸಾ ಕಲಿ" ಎಂದರು.

"ಕೂಡೂದಿಲ್ರಿ ಸಾಹೇಬ್ರ, ನಮ್ಮದು ನಿಂತು ಮಾಡೂ ಕೆಲಸ" ಎಂದು ಹೇಳಿ ಅವಳು ಕೆಲಸದ ಕೋಣೆಗೆ ಹೋದಳು.

ವರ್ಷದ ಕೊನೆಗೆ ನನ್ನ ಗುತ್ತಿಗೆ ಮುಂದುವರಿಸುವ ಹೊತ್ತು ಬಂದಾಗ ಗಜೇಂದ್ರಗಡದ ಕುರ್ಚಿಗೆ ಬೇರೆಯವರ ಹೆಸರಿತ್ತು. ನನ್ನನ್ನು ನರಗುಂದದ ಕೇಂದ್ರಕ್ಕೆ ಹಾಕಿದ್ದರು. ಆಡಳಿತದ ಅನುಕೂಲಕ್ಕಾಗಿ ಎಂದು ಕಾರಣ. ಯಾರ ಅನುಕೂಲ ಎಂದು ಮುಖ್ಯಸ್ಥರನ್ನು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. "ನನಗೂ ಮನಿ ಮಂದಿ ಅದಾರ್ರಿ" ಎಂದರು. ಪುಢಾರಿ ಅವರಿಗೆ ಎಷ್ಟು ಸಲ ಫೋನು ಮಾಡಿದ್ದರೋ ನನಗೆ ಗೊತ್ತಿಲ್ಲ. ಗಂಡ ಮಾತ್ರ, "ಬ್ಯಾಸರ ಆದ್ರ ಬಿಟ್ಟ ಬಿಡು, ಹ್ಯಾಂಗರ ನಡೀತೈತಿ" ಎಂದರು. ಬೇಸರವೇನೋ ಆಗಿತ್ತು. ಆದರೆ ನಾನು ಬಿಟ್ಟರೆ ಅವರಿಗೆ ಬೇಕಾದದ್ದನ್ನು ನಾನೇ ಮಾಡಿಕೊಟ್ಟಂತೆ. ಬಿಡಲಿಲ್ಲ.

ಹುಡುಗಿ ತರಬೇತಿ ಮುಗಿಸಿ ಗುಡ್ಡದ ಮೇಲಿನ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದಳು. ಮೊದಲು ಅವರು ಅವಳನ್ನು ಸ್ಟೋರಿನಲ್ಲಿ ಕೂರಿಸಿದರಂತೆ, ಹೆಣ್ಣುಮಗಳು ಕಂಬ ಹತ್ತುವುದು ಬೇಡ ಎಂದು. ಎಲ್ಲಿ ಬರೆದಿದೆ ತೋರಿಸಿ ಎಂದು ಕೇಳಿದಳಂತೆ. ಈ ಮಾತನ್ನು ಅವಳು ಫೋನಿನಲ್ಲಿ ಹೇಳಿದಾಗ ನಾನು ಬಸ್ಸಿನಲ್ಲಿದ್ದೆ. ಜೋರಾಗಿ ನಕ್ಕಿದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಒಂದು ಭಾನುವಾರ ನಾನು ಹೋದಾಗ ಅವಳು ಮೇಲಿನಿಂದ ಇಳಿದು ಬಂದಳು, ಸೊಂಟಕ್ಕೆ ಸುರಕ್ಷತಾ ಬೆಲ್ಟು, ಅಂಗೈಗೆಲ್ಲ ಗ್ರೀಸು. ಗುಡ್ಡದ ಗಾಳಿಗೆ ಇಬ್ಬರೂ ಕೂಗಿ ಮಾತಾಡಬೇಕಾಯಿತು.

"ಹೆದರಿಕಿ ಆಗೂದಿಲ್ಲೇನು?" ಎಂದೆ.

"ಅಪ್ಪ ಬಿದ್ದದ್ದು ನೆನಪಾಗ್ತೈತ್ರಿ. ಅವಂಗ ಬೆಲ್ಟ್ ಕೊಟ್ಟಿರ್ಲಿಲ್ಲ. ನನಗ ಕೊಡದಿದ್ರ ನಾ ಹತ್ತೂದ ಇಲ್ಲ ಅಂತ ಮೊದಲ ದಿನಾನ ಹೇಳೀನಿ." ಆಮೇಲೆ ದೂರಕ್ಕೆ ಕೈ ತೋರಿಸಿದಳು. "ಮ್ಯಾಲಿಂದ ನಮ್ಮೂರು ಕಾಣತೈತ್ರಿ ಅಕ್ಕಾರ. ಗೋವಾ ಕಾಣೂದಿಲ್ಲ."

ನರಗುಂದದಲ್ಲಿ ನನ್ನ ಮೊದಲ ದಿನ ಅಲ್ಲಿನ ಮುಖ್ಯಸ್ಥರು ಚಹಾ ತರಿಸಿದರು. ಒಳ್ಳೆಯ ಮಾತಿನವರು. ಚಹಾ ಮುಗಿದ ಮೇಲೆ, "ನಿಮ್ಮ ಬಗ್ಗೆ ಕೇಳೀನಿ ಬಾಯಾರ" ಎಂದರು. "ಇಲ್ಲಿ ಏನೂ ತಂಟೆ ಬ್ಯಾಡ. ಕಾಗದಾ ಸರಿ ಇದ್ರ ತೊಗೋರಿ, ಇಲ್ಲಂದ್ರ ಬಿಡ್ರಿ."

"ತಂಟೆ ನಾ ಮಾಡೂದಿಲ್ರಿ ಸರ್. ನೋಡಿ ಬರ್ತೀನಿ ಅಷ್ಟ."

ಬಾಗಿಲಲ್ಲಿ ಅದಾಗಲೇ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ಕಾರ್ಡಿನಲ್ಲಿ ಇನ್ನೂ ಗಂಡನ ಊರು, ಗಂಡನ ಹೆಸರು. ಹೊಲಿಗೆ ಯಂತ್ರ ದುರಸ್ತಿ ಕಲಿಯಬೇಕಂತೆ. ಗಂಡನಿಂದ ಒಪ್ಪಿಗೆ ಪತ್ರ ತರಬೇಕೇನೋ ಎಂದು ಕೇಳುತ್ತಿದ್ದಳು. ಮುಖ್ಯಸ್ಥರು ನನ್ನ ಕಡೆ ನೋಡಿದರು. ನಾನು ಅವಳಿಗೆ ಕುರ್ಚಿ ತೋರಿಸಿ, ಮಾರ್ಗಸೂಚಿ ಎಲ್ಲಿಟ್ಟಿದ್ದಾರೆ ಎಂದು ಅವರನ್ನು ಕೇಳಿದೆ.